ಯಾವ ಮಂಜು?

ಹೋದ ತಿಂಗಳು ಆಫೀಸಿನ ರಿಸೆಪ್ಶನ್ ಹತ್ತಿರ ಊಟದ ಡೆಲಿವರಿ ಹುಡುಗನೊಬ್ಬ ಹೆಲ್ಮೆಟ್ಟೂ ತೆಗೆಯದೆ ಕೂಗಿದ: “ಮಂಜುನಾಥ್ ಯಾರು ಸಾರ್? ಮಂಜುನಾಥ್?” ಮೂವರು ತಲೆಯೆತ್ತಿದೆವು. ಒಬ್ಬರು ಅಕೌಂಟ್ಸ್‌ನವರು, ಒಬ್ಬ ಸೆಕ್ಯುರಿಟಿ, ಇನ್ನೊಬ್ಬ ನಾನು. ಹುಡುಗ ಮೂವರ ಮುಖವನ್ನೂ ನೋಡಿ ಸೋತವನ ಹಾಗೆ “ಯಾವ ಮಂಜುನಾಥ್?” ಅಂದ. ಆಗ ನನ್ನ ಬಾಯಿಂದ ಇಪ್ಪತ್ತು ವರ್ಷ ಹಳೆಯ ಉತ್ತರವೊಂದು ತಾನಾಗಿ ಬಿತ್ತು: “ಮೈಕ್ ಜೋನ್ಸ್!” ಸೆಕ್ಯುರಿಟಿ ಮಂಜುನಾಥ ನನ್ನನ್ನು ಒಂಥರಾ ನೋಡಿದ. ಊಟ ಅಕೌಂಟ್ಸ್ ಮಂಜುನಾಥರದು. ನಾನು ಲಿಫ್ಟ್ ಹತ್ತಿದೆ, ಆದರೆ ಆ ಹೆಸರು ನನ್ನ ಜೊತೆಗೇ ಹತ್ತಿತು. ಅವತ್ತಿನಿಂದ ಆಫೀಸಿಗೆ ಹೋಗುವ ಬರುವ ದಾರಿಯಲ್ಲೆಲ್ಲ ಟೆಕ್ಸಾಸಿನ ಹ್ಯೂಸ್ಟನ್ ಊರಿನ ಆ ರ್‍ಯಾಪರ್ ಮೈಕ್ ಜೋನ್ಸ್‌ನ ಮೊದಲ ದೊಡ್ಡ ಆಲ್ಬಮ್ಮೇ ಕಿವಿಯಲ್ಲಿ. ಅಂಥ ಮಹಾನ್ ಆಲ್ಬಮ್ ಏನಲ್ಲ ಅದು. ಹಾಗಿದ್ದೂ ಯಾಕೆ ಬಿಡುತ್ತಿಲ್ಲ ಎಂಬುದೇ ನನಗಿರುವ ಕಿರಿಕಿರಿ.

2005ರಲ್ಲಿ ನಾನು ಹ್ಯೂಸ್ಟನ್‌ನಲ್ಲಿ ಎಂ.ಎಸ್. ಮಾಡುತ್ತಿದ್ದೆ. ಕಂಪ್ಯೂಟರ್ ಲ್ಯಾಬಿನಲ್ಲಿ ವಾರಕ್ಕೆ ನಾಲ್ಕು ರಾತ್ರಿ ಡ್ಯೂಟಿ. ಪ್ರಿಂಟರಿಗೆ ಕಾಗದ ತುಂಬುವುದು, ಪಾಸ್‌ವರ್ಡ್ ಮರೆತವರಿಗೆ ಬೈಯದೆ ಹೊಸದು ಕೊಡುವುದು, ಅಷ್ಟೇ ಕೆಲಸ. ಜೊತೆಗಿದ್ದವನು ಊರಿನ ಉತ್ತರ ಭಾಗದ ಕಪ್ಪು ಹುಡುಗ, ಅಕೌಂಟಿಂಗ್ ಓದುತ್ತಿದ್ದ. ಅವನಿಗೆ ನನ್ನ ಹೆಸರು ಬಾಯಿಗೆ ಬರುತ್ತಿರಲಿಲ್ಲ, ‘ಮ್ಯಾನ್‌ಜೋ’ ಅಂತಿದ್ದ. ರಾತ್ರಿ ಎರಡಕ್ಕೆ ಲ್ಯಾಬ್ ಮುಚ್ಚಿದ ಮೇಲೆ ಬಸ್ಸಿರುವುದಿಲ್ಲ ಎಂದು ತನ್ನ ಅಜ್ಜನ ಕಾಲದ ಬ್ಯೂಯಿಕ್‌ನಲ್ಲಿ ನನ್ನನ್ನು ಮನೆಗೆ ಬಿಡುತ್ತಿದ್ದ. ಮುಂದಿನ ಬಾಗಿಲಿನ ಗಾಜು ಇಳಿಯುತ್ತಿರಲಿಲ್ಲ, ಎ.ಸಿ. ಎಂಬುದು ಹೆಸರಿಗೆ. ಆದರೆ ಡಿಕ್ಕಿಯಲ್ಲಿ ಕೂರಿಸಿದ್ದ ಸ್ಪೀಕರುಗಳ ಬೆಲೆ ಇಡೀ ಕಾರಿಗಿಂತ ಹೆಚ್ಚು. ಒಂದು ರಾತ್ರಿ ಅದರೊಳಗಿಂದ ಒಬ್ಬ ಗಂಡಸು ತನ್ನ ಹೆಸರನ್ನು ತಾನೇ ಹೇಳಿಕೊಳ್ಳಲು ಶುರುಮಾಡಿದ. ಯಾರೋ ‘ಹೂ?’ ಅಂತ ಕೇಳುತ್ತಾರೆ, ಇವನು ‘ಮೈಕ್ ಜೋನ್ಸ್’ ಅನ್ನುತ್ತಾನೆ. ಮತ್ತೆ ‘ಹೂ?’ ಮತ್ತೆ ‘ಮೈಕ್ ಜೋನ್ಸ್’. ಕೆಪಿಟಿಸಿಎಲ್ ಕಚೇರಿಯಲ್ಲಿ ದೂರು ಬರೆಸುವವನಷ್ಟು ತಾಳ್ಮೆ ಅವನಿಗೆ.

(ನನ್ನ ರೂಮ್‌ಮೇಟ್ ಗದಗದವನು. ಮೊದಲ ಸಲ ಕೇಳಿದಾಗ ಅವನ ಪ್ರಶ್ನೆ: “ಹೂ ಯಾಕ ಕೇಳಾಕತ್ತಾರಲೇ? ಮಾಲಿ ಕಟ್ಟಾವ್ರೇನು?”)

“ಇದೇನು ಅವನ ನಿಜವಾದ ಹೆಸರೇ?” ಅಂತ ಬ್ಯೂಯಿಕ್‌ನವನನ್ನು ಕೇಳಿದೆ. ಹೌದಂತೆ. ಅಮೆರಿಕದಲ್ಲಿ ಮೈಕ್ ಜೋನ್ಸ್ ಎಂದರೆ ಇದ್ದೂ ಇಲ್ಲದಂಥ ಹೆಸರು. ಟೆಲಿಫೋನ್ ಡೈರೆಕ್ಟರಿಯಲ್ಲಿ ಪುಟಗಟ್ಟಲೆ ಸಿಗುವಂಥದ್ದು. ಬೇರೆ ರ್‍ಯಾಪರುಗಳೆಲ್ಲ ತಮಗೆ ‘ಲಿಲ್’ ಎಂದೋ ‘ಬಿಗ್’ ಎಂದೋ ಬಾಲ ಕೊಂಬು ಕಟ್ಟಿಕೊಳ್ಳುತ್ತಿದ್ದಾಗ ಇವನು ರೇಷನ್ ಕಾರ್ಡಿನಲ್ಲಿದ್ದ ಹೆಸರನ್ನೇ ಹೊತ್ತು ಬಂದಿದ್ದ. “ನಿಮ್ಮೂರಲ್ಲಿ ನಿನ್ನ ಹೆಸರು ಹೇಗೆ? ಅಪರೂಪದ್ದಾ?” ಅಂತ ಅವನು ಕೇಳಿದ. ನಾನು ದಾವಣಗೆರೆಯಲ್ಲಿ ಓದಿದ ತರಗತಿಯಲ್ಲಿ ನಾಲ್ವರು ಮಂಜುನಾಥರಿದ್ದರು: ಉದ್ದ ಮಂಜ, ಕನ್ನಡಕದ ಮಂಜ, ಹೋಟ್ಲು ಮಂಜ, ಮತ್ತು ಗುರುತಿಗೆ ಏನೂ ಸಿಗದ ಕಾರಣ ಬರೀ ಮಂಜನಾಗಿ ಉಳಿದ ನಾನು. ಅದನ್ನು ಹೇಳಿದೆ. ಅವನು ಸ್ಟೇರಿಂಗ್ ಬಡಿದು ನಕ್ಕ. “ಹಾಗಾದರೆ ನೀನೇ ಮೈಕ್ ಜೋನ್ಸ್.”

ಸೆಲ್ ಮುಗಿದ ಟೇಪು

ಹೆಸರಿಗಿಂತ ಮೊದಲು ನನ್ನನ್ನು ಹಿಡಿದದ್ದು ವೇಗ. ಅಥವಾ ವೇಗ ಇಲ್ಲದಿರುವುದು. ಮಗುವಾಗಿದ್ದಾಗ ಕರೆಂಟ್ ಹೋದ ರಾತ್ರಿಗಳಲ್ಲಿ ಅಜ್ಜಿ ಮನೆಯ ಟೇಪ್‌ರೆಕಾರ್ಡರಿಗೆ ಸೆಲ್ ಹಾಕುತ್ತಿದ್ದೆವು. ಸೆಲ್ ಸೊರಗುತ್ತ ಬಂದ ಹಾಗೆ ಹಾಡು ಜಗ್ಗುತ್ತಿತ್ತು. ಹೆಂಗಸಿನ ದನಿ ಗಂಡಸಿನದಾಗಿ, ಗಂಡಸಿನ ದನಿ ಬಾವಿಯೊಳಗಿಂದ ಬಂದಂತಾಗಿ, ಕೊನೆಗೆ ಭಾವಗೀತೆಯೊಂದು ಮಾತೂ ಅಲ್ಲದ ಗೊರಕೆಯೂ ಅಲ್ಲದ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ದೊಡ್ಡವರು ಆಫ್ ಮಾಡಿ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದು ದಿನ ದುಡಿಸಿಕೊಳ್ಳುತ್ತಿದ್ದರು. ಮಕ್ಕಳಾದ ನಮಗೆ ಆ ಜಗ್ಗಿದ ಹಾಡೇ ಇಷ್ಟ. ಒಂದೊಂದು ಪದವೂ ಬಾಯಿ ತೆರೆದು ತನ್ನ ಹಲ್ಲು ತೋರಿಸಿದಂತಿರುತ್ತಿತ್ತು.

ಇಡೀ ಹ್ಯೂಸ್ಟನ್ ಈ ಜಗ್ಗಿದ ಹಾಡಿನ ಮೇಲೆಯೇ ತನ್ನ ಸಂಗೀತ ಕಟ್ಟಿಕೊಂಡಿತ್ತೆಂದು ನನಗೆ ಗೊತ್ತಾದದ್ದು ಆ ಬ್ಯೂಯಿಕ್‌ನಲ್ಲಿ. ಡಿಜೆ ಸ್ಕ್ರೂ ಎಂಬ ಹೆಸರಿನಿಂದ ಪ್ರಸಿದ್ಧನಾದ ರಾಬರ್ಟ್ ಅರ್ಲ್ ಡೇವಿಸ್ ಊರಿನ ದಕ್ಷಿಣ ಭಾಗದ ತನ್ನ ಮನೆಯಲ್ಲಿ ಕೂತು, 90ರ ದಶಕದುದ್ದಕ್ಕೂ ಹಾಡುಗಳನ್ನು ನಿಧಾನ ಮಾಡಿ ಬೂದು ಬಣ್ಣದ ಕ್ಯಾಸೆಟ್ಟುಗಳಿಗೆ ಇಳಿಸುತ್ತಿದ್ದ. ಸಂಜೆಯಾದರೆ ಅವನ ಗೇಟಿನ ಮುಂದೆ ಕಾರುಗಳ ಸಾಲು. ನಿಧಾನ ಮಾಡುವುದು ಅರ್ಧ ಕೆಲಸ ಮಾತ್ರ. ಇನ್ನರ್ಧಕ್ಕೆ ‘ಚಾಪ್’ ಎನ್ನುತ್ತಾರೆ: ಒಂದೇ ಹಾಡಿನ ಎರಡು ರೆಕಾರ್ಡುಗಳನ್ನು ಎರಡು ಟರ್ನ್‌ಟೇಬಲ್ ಮೇಲೆ ಹಾಕಿ, ಒಂದನ್ನು ಇನ್ನೊಂದಕ್ಕಿಂತ ಒಂದು ಬೀಟ್ ಹಿಂದೆ ಬಿಡುವುದು. ಆಮೇಲೆ ಎರಡರ ನಡುವೆ ದನಿ ಬದಲಿಸುವ ಗುಬುಟನ್ನು ಅತ್ತಿಂದಿತ್ತ ತಳ್ಳಿದರೆ ಆಗಷ್ಟೇ ಕೇಳಿದ ಪದ ಇನ್ನೊಂದು ಸಲ ಕೇಳುತ್ತದೆ. ತನ್ನ ಮಾತನ್ನು ತಾನೇ ಮರೆತು ಮತ್ತೆ ಹೇಳುವ ಮುದುಕರ ಹಾಗೆ. 2000ದ ನವೆಂಬರಿನಲ್ಲಿ ಸ್ಕ್ರೂ ಸತ್ತ, 29 ವರ್ಷ. ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್, ಜೊತೆಗೆ ಇನ್ನಷ್ಟು ಮದ್ದು. ಆ ಸಿರಪ್ಪು ಆ ಸಂಗೀತಕ್ಕೆ ನೆರಳಿನ ಹಾಗೆ ಅಂಟಿಕೊಂಡಿದೆ. ಆದರೆ ನಿಧಾನವೆಲ್ಲ ಸಿರಪ್ಪಿನಿಂದಲೇ ಹುಟ್ಟಿತೆಂದು ಹೇಳುವವರು ಆಗಸ್ಟ್ ತಿಂಗಳಲ್ಲಿ ಹ್ಯೂಸ್ಟನ್ ರಸ್ತೆಯಲ್ಲಿ ನಿಂತಿರಲಿಕ್ಕಿಲ್ಲ. ಆ ಬೆವರಿನಲ್ಲಿ, ಆ ದೂರಗಳಲ್ಲಿ, ಬೇಗ ಬೇಗ ಮಾಡುವಂಥದ್ದು ಏನೂ ಇರುವುದಿಲ್ಲ.

ಅಲ್ಲಿಯ ಕಾರುಗಳಿಗೂ ಅದೇ ನಡಿಗೆ. ಸ್ಲ್ಯಾಬ್ ಅನ್ನುತ್ತಾರೆ. ಸಕ್ಕರೆ ಮಿಠಾಯಿಯಂತೆ ಹೊಳೆಯುವ ಬಣ್ಣದ ಹಳೆಯ ಕ್ಯಾಡಿಲಾಕ್, ಬ್ಯೂಯಿಕ್ಕುಗಳು. ಚಕ್ರದಿಂದ ಮೊಣಕೈ ಚಾಚಿದಂತೆ ಹೊರಗೆ ಬರುವ ಕಡ್ಡಿಗಳ ರಿಮ್ಮು. 1983, 84ರ ಕ್ಯಾಡಿಲಾಕ್ ರಿಮ್ಮುಗಳೆಂದರೆ ಅವರಿಗೆ ಒಡವೆ. ಡಿಕ್ಕಿ ತೆರೆದುಕೊಂಡರೆ ಒಳಗೆ ನಿಯಾನ್ ಅಕ್ಷರದಲ್ಲಿ ಏನಾದರೊಂದು ಡೈಲಾಗು. ನಮ್ಮ ಲಾರಿಗಳ ಹಿಂದೆ ಬರೆಸುವ ಸಾಲುಗಳಿಗೂ ಇದಕ್ಕೂ ಹೆಚ್ಚು ದೂರ ಇಲ್ಲವೆನ್ನಿಸಿತು ನನಗೆ. ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ಬಳುಕುತ್ತ, ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಹೋಗುವುದೇ ಶೋಕಿ.

ಊರಿನ ಉತ್ತರಕ್ಕೂ ದಕ್ಷಿಣಕ್ಕೂ ಆಗಿಬರುತ್ತಿರಲಿಲ್ಲ. ಸ್ಕ್ರೂ ದಕ್ಷಿಣದವನು. ಅವನ ರೀತಿಯನ್ನು ಉತ್ತರಕ್ಕೆ ತಂದವನು ಮೈಕಲ್ ‘5000’ ವಾಟ್ಸ್, ಅವನ ಲೇಬಲ್ ಸ್ವಿಷಾಹೌಸ್. ಮೈಕ್ ಜೋನ್ಸ್ ಬಂದದ್ದು ಅಲ್ಲಿಂದ. ಹಾಗಾಗಿ ಅವನ ಆಲ್ಬಮ್ಮಿನ ‘ಫ್ಲಾಸಿನ್’ ಹಾಡಿನಲ್ಲಿ ಸ್ಕ್ರೂ ಬಳಗದ ಬಿಗ್ ಮೋ ಬಂದು ದನಿಗೂಡಿಸುವುದು ನನ್ನ ಗೆಳೆಯನಿಗೆ ಸಂಗೀತದ ವಿಷಯವಾಗಿರಲಿಲ್ಲ, ಎರಡು ಕೇರಿಯವರು ಒಂದೇ ಪಂಕ್ತಿಯಲ್ಲಿ ಉಂಡ ವಿಷಯವಾಗಿತ್ತು.

ಹೆಸರು ಮತ್ತು ಹತ್ತು ಅಂಕಿ

‘ಹೂ ಈಸ್ ಮೈಕ್ ಜೋನ್ಸ್?’ ಬಂದದ್ದು 2005ರ ಏಪ್ರಿಲ್ 19ರಂದು. ಮೊದಲ ದೊಡ್ಡ ಆಲ್ಬಮ್ಮಿಗೇ ತನ್ನ ಬಗ್ಗೆ ಇಂಥ ಪ್ರಶ್ನೆಯನ್ನು ಶೀರ್ಷಿಕೆಯಾಗಿ ಇಡಬೇಕಾದರೆ ಒಂದೋ ಬಹಳ ಧೈರ್ಯ ಬೇಕು, ಇಲ್ಲವೇ ಬಹಳ ಸಲ ಆ ಪ್ರಶ್ನೆಯನ್ನು ಮುಖದ ಮೇಲೆ ಕೇಳಿಸಿಕೊಂಡಿರಬೇಕು. ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಆಲ್ಬಮ್ಮುಗಳನ್ನು ಎಣಿಸುವ ಬಿಲ್‌ಬೋರ್ಡಿನ ಪಟ್ಟಿಯಲ್ಲಿ ನೇರ ಮೂರನೇ ಜಾಗಕ್ಕೆ ಇಳಿಯಿತು. ಅದೇ ವರ್ಷ ಪ್ಲಾಟಿನಂ ಆಯಿತು, ಅಂದರೆ ಹತ್ತು ಲಕ್ಷ ಪ್ರತಿ.

ಅದಕ್ಕಿಂತ ಹತ್ತು ವರ್ಷ ಹಿಂದೆ, 1995ರಲ್ಲಿ, ನ್ಯೂಯಾರ್ಕಿನಲ್ಲಿ ‘ಸೋರ್ಸ್’ ಎಂಬ ರ್‍ಯಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಎಂಬ ರ್‍ಯಾಪ್ ಜೋಡಿಗೆ ಹೊಸಬರ ಪ್ರಶಸ್ತಿ ಬಂದಾಗ ಸಭೆ ‘ಬೂ’ ಎಂದು ಕೂಗಿತ್ತು. ಜೋಡಿಯಲ್ಲೊಬ್ಬನಾದ ಆಂಡ್ರೆ ಮೈಕ್ರೊಫೋನ್ ಹಿಡಿದು, ಅಮೆರಿಕದ ದಕ್ಷಿಣ ರಾಜ್ಯದವರಿಗೂ ಹೇಳಲಿಕ್ಕೆ ಏನೋ ಇದೆ ಅಂದು ಇಳಿದಿದ್ದ. ಎಲ್ಲರಿಗೂ ಗೊತ್ತಿರುವ ಕತೆ. ಅದನ್ನಿಲ್ಲಿ ನೆನೆಯುವುದು ನನ್ನ ರೂಮ್‌ಮೇಟ್ ಸಲುವಾಗಿ. ರ್‍ಯಾಪ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಅವನು ಈ ಪ್ರಸಂಗ ಕೇಳಿದ ಮೇಲೆ ಟೆಕ್ಸಾಸಿನವರ ಪಕ್ಷ ಸೇರಿಬಿಟ್ಟ. “ನಮ್ಮ ಮಾತ ಸಿನಿಮಾದಾಗ ಬರೋದು ನಗಸಾಕ ಅಷ್ಟ. ಇವ್ರದೂ ಹಂಗ ಅಂತೀಯಲ್ಲ,” ಅಂದ. ಜಗ್ಗಿ ಮಾತಾಡುವ ಇಂಗ್ಲಿಷು ದಡ್ಡರದು ಎಂದುಕೊಂಡಿದ್ದವರ ಮುಂದೆ ಈ ಹ್ಯೂಸ್ಟನ್ ಮಂದಿ ಅದನ್ನು ಇನ್ನಷ್ಟು ಜಗ್ಗಿ ಹಾಡಿದ್ದು ಅವನಿಗೆ ಸೇಡಿನ ಹಾಗೆ ಕಂಡಿರಬೇಕು. 2005 ಆ ಊರಿನ ವರ್ಷ: ಜುಲೈಯಲ್ಲಿ ಸ್ಲಿಮ್ ಥಗ್, ಸೆಪ್ಟೆಂಬರಿನಲ್ಲಿ ಪಾಲ್ ವಾಲ್, ಅಕ್ಟೋಬರಿನಲ್ಲಿ ಪಕ್ಕದ ಪೋರ್ಟ್ ಆರ್ಥರ್ ಊರಿನ ಬನ್ ಬಿ, ಒಬ್ಬೊಬ್ಬರದೂ ಒಂದೊಂದು ಆಲ್ಬಮ್. ಬಾಗಿಲು ಒದ್ದು ತೆರೆದ ಹಾಡು ಮಾತ್ರ ‘ಸ್ಟಿಲ್ ಟಿಪ್ಪಿನ್’. ಸಲಿಹ್ ವಿಲಿಯಮ್ಸ್ ಕಟ್ಟಿದ ಬೀಟಿನಲ್ಲಿ ಪಿಟೀಲೊಂದು ತೂಕಡಿಸುತ್ತ ನಡೆಯುತ್ತದೆ, ಅದರ ಮೇಲೆ ಸ್ಲಿಮ್ ಥಗ್, ಮೈಕ್ ಜೋನ್ಸ್, ಪಾಲ್ ವಾಲ್ ಮೂವರೂ ಅವಸರವಿಲ್ಲದೆ ಬಂದು ಹೋಗುತ್ತಾರೆ. ಇವತ್ತಿಗೂ ಆ ಪಿಟೀಲು ಬಂದರೆ ನನ್ನ ಮೂಗಿಗೆ ಬ್ಯೂಯಿಕ್‌ನ ಬೆವೆತ ಸೀಟಿನ ವಾಸನೆ ಬಡಿಯುತ್ತದೆ.

ಮೈಕ್ ಜೋನ್ಸ್ ಬಗ್ಗೆ ನೇರವಾಗಿ ಹೇಳಬೇಕೆಂದರೆ, ಮೂವರಲ್ಲಿ ಸಾಧಾರಣ ರ್‍ಯಾಪರ್ ಅವನೇ. ಪಾಲ್ ವಾಲ್‌ನ ಹಾಸ್ಯ ಅವನಿಗಿಲ್ಲ, ಸ್ಲಿಮ್ ಥಗ್‌ನ ಗಂಟಲೂ ಇಲ್ಲ. ಪ್ರಾಸ ಸಿಗದಿದ್ದರೆ ಹಿಂದಿನ ಸಾಲನ್ನೇ ಇನ್ನೊಂದು ಸಲ ಹೇಳಿ ದಾಟಿಬಿಡುತ್ತಾನೆ. ಹೆಣ್ಣುಮಕ್ಕಳ ಬಗ್ಗೆ ಅವನಾಡುವ ಮಾತು ಈಗ ಹೆಂಡತಿ ಮಗಳು ಕೂತ ಕಾರಿನಲ್ಲಿ ಹಾಕುವಂಥದ್ದಲ್ಲ, ಆಗಲೂ ಆಗಿರಲಿಲ್ಲ. ‘ಬ್ಯಾಕ್ ದೆನ್’ ಎಂಬ ದೊಡ್ಡ ಹಿಟ್ ಹಾಡಿನ ಪಲ್ಲವಿ ಇಷ್ಟೇ: ಆಗ ನನ್ನ ಕಡೆ ತಿರುಗಿಯೂ ನೋಡದವರು ಈಗ ಮೈಮೇಲೆ ಬೀಳುತ್ತಾರೆ. ಅದು ‘ಸ್ಟಿಲ್ ಟಿಪ್ಪಿನ್’ನಲ್ಲಿ ಅವನೇ ಆಗಲೇ ಹೇಳಿದ್ದ ಸಾಲು, ಅದನ್ನೇ ಎತ್ತಿ ಇನ್ನೊಂದು ಹಾಡು ಮಾಡಿದ. ಒಂದು ಸೀರೆಯಲ್ಲಿ ಎರಡು ಲಂಗ ಹೊಲಿಸುವ ಮಧ್ಯಮವರ್ಗದ ಲೆಕ್ಕಾಚಾರ.

ಆದರೆ ಒಂದು ವಿಷಯ ಅವನಿಗೆ ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು: ಹೆಸರು ಹೇಗೆ ಕೆಲಸ ಮಾಡುತ್ತದೆ ಎಂಬುದು. ಶುರುವಿನಲ್ಲಿ ಅವನು ಊರಿನ ಕ್ಲಬ್ಬುಗಳಲ್ಲಿ ಕುಣಿಯುವ ಹುಡುಗಿಯರಿಗೆ ಒಬ್ಬೊಬ್ಬರ ಹೆಸರು ಸೇರಿಸಿ ಬೇರೆ ಬೇರೆ ಹಾಡು ಮಾಡಿಕೊಡುತ್ತಿದ್ದ. ತನ್ನ ಹೆಸರಿರುವ ಹಾಡನ್ನೇ ಹಾಕು ಎಂದು ಆ ಹುಡುಗಿಯರು ಡಿಜೆಗಳ ಬೆನ್ನು ಹತ್ತುತ್ತಿದ್ದರು. ಹಾಗೆ ಅವನ ದನಿ ಊರೆಲ್ಲ ಹರಡಿತು. ತನ್ನ ಹೆಸರು ಕೂಗುವುದಕ್ಕಿಂತ ಮೊದಲು ಬೇರೆಯವರ ಹೆಸರು ಹೇಳಿದವನು ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ತಿಳಿದು, ಅವನ ಮೇಲೆ ಮರ್ಯಾದೆ ಹುಟ್ಟಿತು. ಮತ್ತೆ, ಮೈಕ್ ಜೋನ್ಸ್ ಎಂಬ ಹೆಸರಿನಲ್ಲೇ ಹಾಡು ಅಂದದ್ದು ಅವನ ಅಜ್ಜಿ. ಅದಕ್ಕೆ ಮೊದಲು ಅವನಿಗೆ ಬೇರೇನೋ ವೇದಿಕೆಯ ಹೆಸರಿತ್ತು. ಆಲ್ಬಮ್ಮಿನ ಕೊನೆಯ ಹಾಡು ‘ಗ್ರ್ಯಾಂಡ್‌ಮಾ’, ತೀರಿಹೋದ ಆ ಅಜ್ಜಿಗೆ. ರಿಮ್ಮು, ಬಣ್ಣ, ಬಡಾಯಿ ಎಲ್ಲ ಮುಗಿದ ಮೇಲೆ ಅಲ್ಲಿ ಮಾತ್ರ ಅವನು ಸ್ವಲ್ಪ ಮೆತ್ತಗಾಗುತ್ತಾನೆ.

ಗೆಳೆಯರೊಬ್ಬರು ಈ ಹೆಸರಿನ ಪುನರುಕ್ತಿಯನ್ನು ನಮ್ಮ ಅಂಕಿತಕ್ಕೆ ಹೋಲಿಸಿದರು. ಕೇಳಲಿಕ್ಕೆ ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಕೂಡಲಸಂಗಮದೇವ ಎಂದಾಗ ಬಸವಣ್ಣನವರು ತಮ್ಮನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ, ಪುರಂದರವಿಠಲ ಎಂದಾಗ ದಾಸರು ತಂಬೂರಿ ಕೆಳಗಿಡುತ್ತಾರೆ. ಇವನದು ಸರಿಯುವ ಜಾತಿಯಲ್ಲ. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕಿಟಕಿಗೆ ಓಡುತ್ತ ‘ಕಡ್ಲೇಕಾಯ್ ಕಡ್ಲೇಕಾಯ್ ಕಡ್ಲೇಕಾಯ್’ ಅನ್ನುವವನ ಕೂಗಿಗೆ ಹತ್ತಿರದ್ದು ಇದು. ಹತ್ತು ಸಲ ಅಂದರೆ ಒಬ್ಬ ತಿರುಗುತ್ತಾನೆ. ತಿರುಗಿದವನ ಮುಂದೆ ಹಿಡಿಯಲಿಕ್ಕೆ ಪೊಟ್ಟಣ ಸಿದ್ಧವಿರಬೇಕು ಅಷ್ಟೇ.

ಅವನ ಪೊಟ್ಟಣ ಫೋನ್ ನಂಬರು. ಹಾಡಿನಲ್ಲಿ, ಟೀ ಶರ್ಟಿನ ಮೇಲೆ, ಹೋದಲ್ಲೆಲ್ಲ ತನ್ನ ನಿಜವಾದ ಮೊಬೈಲ್ ನಂಬರನ್ನು ಹತ್ತೂ ಅಂಕಿ ಬಿಡದೆ ಹಂಚುತ್ತಿದ್ದ. (ಅದನ್ನಿಲ್ಲಿ ಬರೆಯುವುದಿಲ್ಲ. ಈಗ ಯಾರ ಮನೆಯಲ್ಲಿ ರಿಂಗಾಗುತ್ತದೋ.) ಒಂದು ರಾತ್ರಿ ಲ್ಯಾಬ್ ಮುಚ್ಚಿ ಪಾರ್ಕಿಂಗಿನಲ್ಲಿ ನಿಂತು ನಾವಿಬ್ಬರೂ ಡಯಲ್ ಮಾಡಿದೆವು. ಎತ್ತಿದರೆ ಏನು ಹೇಳಬೇಕೆಂದು ಯಾರೂ ಯೋಚಿಸಿರಲಿಲ್ಲ. ನಾಲ್ಕು ರಿಂಗು. ಆಮೇಲೆ ಯಂತ್ರದ ಹೆಂಗಸು, ಮೇಲ್‌ಬಾಕ್ಸ್ ತುಂಬಿದೆ ಅಂದಳು. ನನ್ನ ಗೆಳೆಯನಿಗೆ ನಿರಾಸೆಯೇ ಆಗಲಿಲ್ಲ. “ನೋಡಿದೆಯಾ, ನಿಜವಾದ ನಂಬರೇ!” ಅಂದ. ತುಂಬಿದ ಡಬ್ಬಿ ಅಂದರೆ ಅಷ್ಟು ಜನ ಮಾತಾಡಿದ್ದಾರೆ ಅಂತ. ಇಡೀ ಅಮೆರಿಕದಲ್ಲಿ ನನ್ನ ನಂಬರು ಗೊತ್ತಿದ್ದದ್ದು ಹನ್ನೊಂದು ಜನಕ್ಕೆ.

ಆಮೇಲಿನದು ಹೆಚ್ಚಿಲ್ಲ. ಎರಡನೇ ದೊಡ್ಡ ಆಲ್ಬಮ್ ‘ದ ವಾಯ್ಸ್’ ಬರುವಷ್ಟರಲ್ಲಿ 2009. ಅಷ್ಟರೊಳಗೆ ಕೇಳುಗರು ಬೇರೆ ಬೀದಿಗೆ ಹೋಗಿಯಾಗಿತ್ತು. ಮೊದಲ ಆಲ್ಬಮ್ಮಿನಲ್ಲಿ ‘ಗ್ರ್ಯಾಂಡ್‌ಮಾ’ಗಿಂತ ಮೊದಲು ಬರುವ ಹಾಡಿನ ಹೆಸರು ‘ಇವತ್ತಿಗೆ ಐದು ವರ್ಷದ ಮೇಲೆ’ ಅಂತ. ಈಗ ಅದು ಶಕುನದ ಹಾಗೆ ಕಾಣುತ್ತದೆ. ಸ್ಕ್ರೂ ಇಟ್ಟುಕೊಂಡಿದ್ದ ರೆಕಾರ್ಡುಗಳು ನಾನು ಓದಿದ ಯೂನಿವರ್ಸಿಟಿ ಆಫ್ ಹ್ಯೂಸ್ಟನ್‌ನ ಗ್ರಂಥಾಲಯದಲ್ಲಿ ಈಗ ಸಂಗ್ರಹವಾಗಿವೆ. ಮೈಕ್ ಜೋನ್ಸ್ ಮಾತ್ರ ಬಹಳ ಜನಕ್ಕೆ ಒಂದು ತಮಾಷೆಯಾಗಿ ಉಳಿದಿದ್ದಾನೆ. ಯಾರಾದರೂ ‘ಹೂ?’ ಅಂದರೆ ಇನ್ಯಾರೋ ಅವನ ಹೆಸರು ಅನ್ನುತ್ತಾರೆ, ಹಾಡು ಕೇಳಿದ್ದಾರೋ ಇಲ್ಲವೋ. ಅವನಿಗೆ ಇದು ಗೆಲುವೋ ಸೋಲೋ, ನನಗೆ ತೀರ್ಮಾನ ಮಾಡಲಿಕ್ಕೆ ಬರುವುದಿಲ್ಲ.

ಸೆಪ್ಟೆಂಬರ್ 22

ಅದೇ 2005ರಲ್ಲಿ, ಕತ್ರಿನಾ ನ್ಯೂ ಆರ್ಲಿಯನ್ಸನ್ನು ಮುಳುಗಿಸಿ ಒಂದು ತಿಂಗಳೂ ಆಗಿರಲಿಲ್ಲ, ರೀಟಾ ಎಂಬ ಇನ್ನೊಂದು ಚಂಡಮಾರುತ ಹ್ಯೂಸ್ಟನ್ ಕಡೆ ಮುಖ ಮಾಡಿತು. ಟೀವಿಯಲ್ಲಿ ಮನೆ ಮಾಳಿಗೆಯ ಮೇಲೆ ನಿಂತ ಜನರನ್ನು ನೋಡಿದ್ದವರೆಲ್ಲ ಒಟ್ಟಿಗೇ ಊರು ಬಿಟ್ಟರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ. ರೂಮ್‌ಮೇಟ್‌ನ ಹಳೆಯ ಟೊಯೊಟಾದಲ್ಲಿ ನಾವು ಮೂವರು, ಒಂದು ಕುಕ್ಕರು, ಪಾಸ್‌ಪೋರ್ಟುಗಳು, ಅವಲಕ್ಕಿ. ಬೆಳಗಿನ ಜಾವ ನಾಲ್ಕಕ್ಕೆ ಡಲ್ಲಾಸ್ ಕಡೆ ಹೊರಟವರು ಸಂಜೆ ಎಂಟಕ್ಕೆ ಅರವತ್ತು ಕಿಲೋಮೀಟರ್ ದಾಟಿರಲಿಲ್ಲ. ಪೆಟ್ರೋಲ್ ಉಳಿಸಲು ಎ.ಸಿ. ಆರಿಸಿದ್ದೆವು. ಬಂಕುಗಳೆಲ್ಲ ಖಾಲಿ. ರಸ್ತೆಯ ಪಕ್ಕ ನಿಂತುಹೋದ ಕಾರುಗಳು, ಅವುಗಳ ನೆರಳಿನಲ್ಲಿ ಮುದುಕರು. ರೀಟಾ ಕೊನೆಗೆ ಪೂರ್ವಕ್ಕೆ ಸರಿದು ಹ್ಯೂಸ್ಟನ್ನನ್ನು ಬಿಟ್ಟುಬಿಟ್ಟಿತು. ಟೆಕ್ಸಾಸಿನಲ್ಲಿ ಗಾಳಿಗಿಂತ ಹೆಚ್ಚು ಜನರನ್ನು ಕೊಂದದ್ದು ಆ ದಾರಿ, ಆ ಸೆಕೆ. ಆದರೆ ಆ ಸಂಜೆ ಅದ್ಯಾವುದೂ ಗೊತ್ತಿರಲಿಲ್ಲ.

ನಮ್ಮ ಪಕ್ಕದ ಸಾಲಿನಲ್ಲಿ ಕೆಂಪು ಮಿಠಾಯಿ ಬಣ್ಣದ ಸ್ಲ್ಯಾಬ್ ಒಂದು ಬಂದು ಸಿಕ್ಕಿಕೊಂಡಿತ್ತು. ಆ ರಿಮ್ಮುಗಳ ಜೊತೆ ಯಾವ ಅಳತೆಯ ಜಾಗದಲ್ಲಿ ನುಸುಳೀತು ಅದು. ಜೀವನಪೂರ್ತಿ ನಿಧಾನ ಹೋಗುವುದನ್ನೇ ಅಭ್ಯಾಸ ಮಾಡಿದ ಕಾರು, ಅವತ್ತು ಎಲ್ಲರಷ್ಟೇ ವೇಗ. ಅದರ ಯಜಮಾನ ಡಿಕ್ಕಿ ಎತ್ತಿ, ಒಳಗಿದ್ದ ನೀರಿನ ಬಾಟಲಿಗಳನ್ನು ಸುತ್ತಲಿನ ಮಕ್ಕಳಿಗೆ ಕೊಟ್ಟು, ಹಾಡು ಹಾಕಿದ. ಹೆದ್ದಾರಿಯ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದ ಆ ಮಕ್ಕಳು ಉತ್ತರ ಕೂಗಲಿಕ್ಕೆ ಶುರುಮಾಡಿದವು.

ನಾನು ಅಜ್ಜಿಗೆ ಫೋನ್ ಮಾಡಲು ಹತ್ತನೇ ಸಲ ಪ್ರಯತ್ನಿಸುತ್ತಿದ್ದೆ. ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಕೊಂಡ ಐದು ಡಾಲರಿನ ಕಾರ್ಡು. ಮೊದಲು ಅವರ ನಂಬರು, ಆಮೇಲೆ ಗೀಚಿ ತೆಗೆದ ಪಿನ್ನು, ಆಮೇಲೆ ಸೊನ್ನೆ ಒಂದು ಒಂದು, ಆಮೇಲೆ ದಾವಣಗೆರೆ. ಆ ಕಾರ್ಡುಗಳ ಲೈನಿನಲ್ಲಿ ನಮ್ಮ ಮಾತು ಅರ್ಧ ಸೆಕೆಂಡ್ ತಡವಾಗಿ ನಮಗೇ ವಾಪಸ್ ಕೇಳುತ್ತಿತ್ತು. ಸ್ಕ್ರೂ ಎರಡು ರೆಕಾರ್ಡು ಇಟ್ಟು ಮಾಡುತ್ತಿದ್ದದ್ದನ್ನು ಆ ಕಂಪನಿಗಳು ಪುಕ್ಕಟೆ ಮಾಡಿಕೊಡುತ್ತಿದ್ದವು. ಅಲ್ಲಿ ಬೆಳಗ್ಗೆ ಆರೂವರೆ. ಅಜ್ಜಿ ಎತ್ತಿದಳು.

“ಯಾರು?”

“ನಾನು ಅಜ್ಜಿ, ಮಂಜು.”

“ಯಾವ ಮಂಜು?”

ನಮ್ಮ ಮನೆತನದಲ್ಲೇ ಮೂವರಿದ್ದೇವೆ, ಅವಳ ತಪ್ಪಲ್ಲ. “ಅಮೆರಿಕದ ಮಂಜು ಅಜ್ಜಿ!”

“ಯಾರೂ?”

“ಮಂಜು! ಮಂಜು!”

ರೂಮ್‌ಮೇಟ್ ಸ್ಟೇರಿಂಗ್ ಮೇಲೆ ಹಣೆಯಿಟ್ಟು ನಗುತ್ತಿದ್ದ. ಪಕ್ಕದ ಡಿಕ್ಕಿಯಿಂದ ‘ಹೂ?’, ಮಕ್ಕಳಿಂದ ಉತ್ತರ. ಅಜ್ಜಿಗೆ ಅದೂ ಕೇಳಿಸಿರಬೇಕು.

“ಅಲ್ಲೇನೋ ಅದು ಗಲಾಟೆ, ಜಾತ್ರೆನಾ?”

“ಗಾಳಿ ಬರುತ್ತಂತೆ ಅಜ್ಜಿ. ಊರು ಬಿಟ್ಟು ಹೊರಟಿದ್ದೀವಿ. ನಾನು ಚೆನ್ನಾಗಿದ್ದೀನಿ.”

“ಊಟ ಆಯ್ತಾ?”

“ಅವಲಕ್ಕಿ ತಿಂದೆ.”

ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಅವಳು ದನಿ ತಗ್ಗಿಸಿ, ಪಕ್ಕದವರಿಗೆ ಕೇಳಬಾರದೆಂಬ ಹಾಗೆ ಅಂದಳು: “ನಿನ್ನ ಹಿಂದೆ ಇನ್ನೊಬ್ಬ ಯಾರೋ ಇದಾನಲ್ಲ. ನೀನು ಅಂದಿದ್ದನ್ನೇ ಅಂತಾನೆ. ಅವನಿಗೂ ಒಂದು ಹಿಡಿ ಅವಲಕ್ಕಿ ಕೊಡೋ. ಯಾರವನು?”

“ಅವನೂ ಮಂಜುನೇ ಅಜ್ಜಿ,” ಅಂದೆ.

“ಯಾವ...” ಅನ್ನುವಷ್ಟರಲ್ಲಿ ಕಾರ್ಡಿನ ನಿಮಿಷ ಮುಗಿಯಿತು.